ಇಪ್ಪತ್ತೈದು ಡಿಗ್ರಿಯ ಕೋಣೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕು ಊರುಗಳಲ್ಲಿ ನಮ್ಮ ಕಂಪನಿ ನೋಡಿಕೊಳ್ಳುವ ನಾಲ್ಕು ಕೋಣೆಗಳಿವೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ಕಬ್ಬಿಣದ ಬಾಗಿಲು, ಅದಕ್ಕೊಂದು ಬೀಗ, ಗೋಡೆಯ ಹೊರಗೆ ಸದಾ ತೊಟ್ಟಿಕ್ಕುವ ಎ.ಸಿ. ಪೈಪು. ಒಳಗೆ ಬಟ್ಟೆ ಬೀರುವಿನಷ್ಟು ಎತ್ತರದ ಚೌಕಟ್ಟು, ಅದರೊಳಗೆ ಒಂದು ದೊಡ್ಡ ಲೋಹದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸಾಲಾಗಿ ಖಾನೆಗಳು, ಖಾನೆಗೊಂದು ಕಾರ್ಡು, ಕೆಳಗೆ ಎರಡು ಪವರ್ ಸಪ್ಲೈ, ಪಕ್ಕದಲ್ಲಿ ಫ್ಯಾನುಗಳನ್ನು ಜೋಡಿಸಿದ ಎರಡು ತಟ್ಟೆಗಳು. ತಾಲೂಕಿನ ಆಸ್ಪತ್ರೆ, ಬ್ಯಾಂಕು, ಶಾಲೆ, ಕಚೇರಿಗಳ ಇಂಟರ್‌ನೆಟ್ಟೆಲ್ಲ ಅದರ ಮೂಲಕವೇ ಹಾದುಹೋಗುತ್ತದೆ. ಪುಸ್ತಕ ಓದಿ ಬಂದ ನಾವು ಅದನ್ನು ಷಾಸಿ ಎನ್ನುತ್ತಿದ್ದೆವು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಟೆಕ್ನಿಷಿಯನ್ ಮಾತ್ರ ಲಾರಿಯವರ ಹಾಗೆ ‘ಚಾಸಿ’ ಎನ್ನುತ್ತಿದ್ದರು. ಕೊನೆಗೆ ನನ್ನ ಬಾಯಿಗೂ ಅದೇ ಬಂತು.

ಅವರನ್ನು ನಾನು ಸರ್ ಎಂದೇ ಕರೆಯುತ್ತಿದ್ದೆ. ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಅರ್ಧ ಆಯಸ್ಸು ಕಳೆದವರು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ನನಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನೂ ಅವರೇ ಕಲಿಸಿದ್ದು. ಆ ಚಳಿಗಾಲದಲ್ಲಿ ನಮ್ಮಿಬ್ಬರಿಗೂ ಒಂದು ಹೊಸ ಕೆಲಸ ಬಂತು. ಅಲ್ಲಿಯವರೆಗೆ ಯಾವುದಾದರೂ ಊರಿನ ಯಂತ್ರ ಕೆಟ್ಟರೆ ನಮಗೆ ತಿಳಿಯುತ್ತಿದ್ದುದು ಯಾರೋ ಫೋನ್ ಮಾಡಿ ಕೂಗಾಡಿದ ಮೇಲೆ. ಇನ್ನು ಮುಂದೆ ಯಂತ್ರವೇ ತನಗೆ ಏನಾಗುತ್ತಿದೆ ಎಂದು ನಮಗೆ ತಿಳಿಸಬೇಕು. ಫ್ಯಾನ್ ನಿಂತರೆ, ಕರೆಂಟಿನ ಒಂದು ದಾರಿ ಕಡಿದರೆ, ಒಳಗೆ ಸೆಕೆ ಏರಿದರೆ ಅದೇ ಒಂದು ಸಂದೇಶ ಕಳಿಸಬೇಕು. ಅದು ಚಿಕ್ಕಬಳ್ಳಾಪುರದ ನಮ್ಮ ಕಚೇರಿಯ ಕಂಪ್ಯೂಟರಿಗೆ ಬಂದು, ಅಲ್ಲಿಂದ ನಮ್ಮ ಮೊಬೈಲಿಗೆ ಮೆಸೇಜಾಗಿ ಬರಬೇಕು. ನಾಲ್ಕೂ ಯಂತ್ರಗಳಿಗೆ ಅದನ್ನು ಹೇಳಿಕೊಟ್ಟು, ನಿಜವಾಗಿಯೂ ಹೇಳುತ್ತವೆಯೇ ಎಂದು ಪರೀಕ್ಷಿಸಬೇಕು.

ಹೇಳಿಕೊಡುವುದೆಂದರೆ ಲ್ಯಾಪ್‌ಟಾಪ್ ಜೋಡಿಸಿ ಹತ್ತಿಪ್ಪತ್ತು ಸಾಲು ಬರೆಯುವುದು. ಯಾರಿಗೆ ತಿಳಿಸಬೇಕು, ಯಾವುದನ್ನು ತಿಳಿಸಬೇಕು, ಎಷ್ಟು ಮೀರಿದರೆ ತಿಳಿಸಬೇಕು, ಇಷ್ಟೇ. ಪರೀಕ್ಷೆಗೂ ಒಂದು ಸುಲಭದ ದಾರಿ ಇತ್ತು. ಒಂದು ಆಜ್ಞೆ ಬರೆದರೆ ಯಂತ್ರ ಸುಮ್ಮನೆ ಒಂದು ಸುಳ್ಳು ಸಂದೇಶ ಕಳಿಸುತ್ತದೆ. ನಾನು ಅದನ್ನೇ ಮಾಡಲು ಹೊರಟಿದ್ದೆ. ಸರ್ ಒಪ್ಪಲಿಲ್ಲ.

“ನಾಟಕ ಬೇಡ ಕಣಮ್ಮ. ಫ್ಯಾನ್ ತೆಗೀಬೇಕು ಅಂದ್ರೆ ತೆಗೀಬೇಕು. ನಿಜವಾಗ್ಲೂ ಏನಾದ್ರೂ ಆದಾಗ ಹೇಳುತ್ತಾ ಅಂತ ನೋಡಣ.”

ಚಿಕ್ಕಬಳ್ಳಾಪುರದ ಯಂತ್ರದ ಮುಂದೆ ನಿಂತು ನಾನು ಮೊದಲ ಸಲ ಒಂದು ಪವರ್ ಕೇಬಲ್ಲನ್ನು ಕೈಯಾರೆ ಎಳೆದೆ. ಎರಡು ಕೇಬಲ್ಲುಗಳಲ್ಲಿ ಒಂದನ್ನು ಎಳೆದರೆ ಯಂತ್ರ ನಿಲ್ಲುವುದಿಲ್ಲ ಎಂದು ಓದಿದ್ದೆ. ಆದರೂ ಒಂದು ಇಡೀ ಊರಿನ ಮಾತು ಆ ಪೆಟ್ಟಿಗೆಯೊಳಗೆ ಓಡುತ್ತಿರುವಾಗ ಓದಿದ್ದರ ಮೇಲೆ ನಂಬಿಕೆ ಬರುವುದು ಕಷ್ಟ. ಕೇಬಲ್ ಕೈಗೆ ಬಂತು. ಒಂದು ಹಸಿರು ದೀಪ ಕೆಂಪಾಯಿತು. ಫ್ಯಾನುಗಳ ಸದ್ದು ಕೂಡ ಬದಲಾಗಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು. ಎರಡನೇ ಪವರ್ ಸಪ್ಲೈಗೆ ಕರೆಂಟ್ ಬರುತ್ತಿಲ್ಲ ಎಂದು ಆ ಪೆಟ್ಟಿಗೆ ನನಗೆ ತಿಳಿಸಿತ್ತು. ಅದು ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಆದರೂ ಆ ಸಂದೇಶ ಓದುವಾಗ ನನ್ನ ಕೈಮೇಲಿನ ಕೂದಲು ನಿಮಿರಿದವು. ಕೇಬಲ್ ಮತ್ತೆ ಸಿಕ್ಕಿಸಿದೆ. ಸರಿಯಾಯಿತು ಎಂದು ಇನ್ನೊಂದು ಸಂದೇಶ ಬಂತು. ಸರ್ ನನ್ನ ಮುಖ ನೋಡಿ ನಕ್ಕರು.

ಗೌರಿಬಿದನೂರು ನಾನು ಹುಟ್ಟಿ ಬೆಳೆದ ಊರು. ಅಪ್ಪ ಅಲ್ಲಿ ಶಾಲೆಯ ಮೇಷ್ಟರಾಗಿದ್ದರು. ಅಲ್ಲಿನ ಕೋಣೆಯಲ್ಲಿ ಕೇಬಲ್ ಎಳೆದಾಗ ದೀಪ ಕೆಂಪಾಯಿತು, ಫೋನು ಮಾತ್ರ ಸುಮ್ಮನಿತ್ತು. ಹತ್ತು ನಿಮಿಷ ಕಾದೆವು. ದೂರದಲ್ಲಿ ಹಿಂದೂಪುರದ ಕಡೆಯ ರೈಲು ಕೂಗಿ ಹೋಯಿತು. ಏನೂ ಬರಲಿಲ್ಲ. ಯಂತ್ರದೊಳಗಿನ ದಾಖಲೆ ತೆಗೆದು ನೋಡಿದೆ. ಅದು ತನ್ನ ಕೆಲಸ ಮಾಡಿತ್ತು. ಕೇಬಲ್ ಹೋದ ಗಳಿಗೆಯನ್ನು ಸೆಕೆಂಡಿನ ಸಮೇತ ಬರೆದಿಟ್ಟು ಸಂದೇಶವನ್ನೂ ಕಳಿಸಿತ್ತು. ಕಳಿಸಬೇಕಾದ ವಿಳಾಸದಲ್ಲಿ ನಾನೇ ಒಂದು ಅಂಕಿ ತಪ್ಪಾಗಿ ಒತ್ತಿದ್ದೆ. ಅದು ಕೂಗಿಕೊಂಡಿದ್ದು ಯಾರೂ ಇಲ್ಲದ ಮನೆಯ ಬಾಗಿಲಲ್ಲಿ.

“ಮುಟ್ಟಿಲ್ಲ ಅಂತ ಅದಕ್ಕೆ ಗೊತ್ತಾಗಲ್ವಾ ಸರ್?”

“ಗೊತ್ತಾಗಲ್ಲ. ಅದು ಹೇಳ್ತದೆ ಅಷ್ಟೇ. ಕೇಳಿಸ್ಕೊಳ್ಳೋದು ನಮ್ಮ ಕೆಲಸ.”

ಅಂಕಿ ತಿದ್ದಿದೆ, ಫೋನು ಗುಂಯ್ ಎಂದಿತು. ಆದರೆ ಆ ಹತ್ತು ನಿಮಿಷ ನನ್ನ ಮನಸ್ಸಿನಲ್ಲಿ ಉಳಿಯಿತು. ನಾನು ಸುಲಭದ ದಾರಿ ಹಿಡಿದು, ಬರೆದದ್ದು ಸರಿಯಿದೆ ಎಂದುಕೊಂಡು ಬೀಗ ಹಾಕಿ ಬಂದಿದ್ದರೆ, ನನ್ನೂರಿನ ಯಂತ್ರ ವರ್ಷಗಟ್ಟಲೆ ಯಾರೂ ಕೇಳದ ಕಡೆಗೆ ಹೇಳುತ್ತಲೇ ಇರುತ್ತಿತ್ತು.

ಚಿಂತಾಮಣಿಯನ್ನೂ ಮುಗಿಸಿ ಶಿಡ್ಲಘಟ್ಟಕ್ಕೆ ಹೋದದ್ದು ಅದರ ಮುಂದಿನ ವಾರ. ಅಲ್ಲಿ ಕೋಣೆಯ ಬೀಗದ ಕೈ ಒಬ್ಬ ಹೆಂಗಸಿನ ಹತ್ತಿರ ಇರುತ್ತಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಲವತ್ತು ದಾಟಿದ್ದವರು. ದಿನಾ ದಿಬ್ಬೂರಹಳ್ಳಿಯಿಂದ ಬಸ್ಸಿನಲ್ಲಿ ಬಂದು ಕಟ್ಟಡ ಗುಡಿಸಿ, ಒರೆಸಿ, ಬೀಗ ತೆಗೆದು ಹಾಕುವುದು ಅವರ ಕೆಲಸ. ಯಂತ್ರದ ಕೋಣೆಯನ್ನು ಮಾತ್ರ ಅವರು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಆ ದಿನ ನಾವು ಮೊದಲು ಉಷ್ಣಾಂಶದ ಪರೀಕ್ಷೆ ಮಾಡಿದೆವು. ಯಂತ್ರ ಒಳಗೆ ಎಳೆದುಕೊಳ್ಳುವ ಗಾಳಿ ಎಷ್ಟು ಬೆಚ್ಚಗಿದೆ ಎಂದು ಅಳೆಯಲು ಅದರ ಮೂತಿಯ ಹತ್ತಿರವೇ ಒಂದು ಸೆನ್ಸರ್ ಇದೆ. ಕಾರ್ಖಾನೆಯವರು ಇಟ್ಟ ಮಿತಿ ಬಹಳ ಮೇಲಿನದು. ಅಷ್ಟು ಸೆಕೆಯನ್ನು ಪರೀಕ್ಷೆಗಾಗಿ ಎಬ್ಬಿಸುವುದು ಸಾಧ್ಯವಿಲ್ಲ. ಹಾಗಾಗಿ ಮಿತಿಯನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿ, ಎ.ಸಿ. ಆರಿಸಿ ಕೂತೆವು. ಇಪ್ಪತ್ತೊಂದಿದ್ದದ್ದು ನಿಧಾನಕ್ಕೆ ಏರಿತು, ಇಪ್ಪತ್ತನಾಲ್ಕು ದಾಟಿದ ಕೂಡಲೇ ಸಂದೇಶ ಬಂತು. ಎ.ಸಿ. ಹಾಕಿದೆವು, ಇಳಿಯಿತು ಎಂದೂ ಬಂತು.

ಇನ್ನು ಫ್ಯಾನಿನ ಪರೀಕ್ಷೆ ಎನ್ನುವಷ್ಟರಲ್ಲಿ ನಮ್ಮಿಬ್ಬರ ಫೋನೂ ಒಟ್ಟಿಗೆ ಹೊಡೆದುಕೊಳ್ಳಲು ಶುರುವಾಯಿತು. ಚಿಂತಾಮಣಿಯ ಯಂತ್ರ. ಯಾವುದೋ ಕಾರ್ಡು ಖಾನೆಯಲ್ಲಿ ಸಡಿಲವಾಗಿ ಕೂತಿತ್ತೋ ಏನೋ, ಕಾರ್ಡು ಹೋಯಿತು, ಬಂತು, ಹೋಯಿತು, ಬಂತು ಎಂದು ನಿಮಿಷಕ್ಕೆ ಹತ್ತಾರು ಸಲ ಹೇಳುತ್ತಿತ್ತು.

“ಏನಮ್ಮಾ ಇದು, ಬಾಯಿ ಮುಚ್ತಾನೇ ಇಲ್ಲ ಇದು! ಹೋಗಣ ನಡಿ” ಎಂದು ಸರ್ ಸಲಕರಣೆಯ ಚೀಲ ಎತ್ತಿಕೊಂಡರು. ಅವರ ಹಳೇ ಕಾರಿನಲ್ಲಿ ಚಿಂತಾಮಣಿಗೆ ಓಡಿದೆವು. ಕಾರ್ಡನ್ನು ಹೊರತೆಗೆದು, ಒರೆಸಿ, ಗಟ್ಟಿಯಾಗಿ ಕೂರಿಸಿದೆವು. ಒಂದೇ ಸುದ್ದಿಯನ್ನು ಪದೇ ಪದೇ ಹೇಳದೆ ಅರ್ಧ ನಿಮಿಷ ಕಾದು ಹೇಳು ಎಂದು ಅದಕ್ಕೆ ಕಲಿಸಿದೆವು. ಅದೆಲ್ಲ ಮುಗಿದಾಗ ಸಂಜೆಯಾಗಿತ್ತು. ಶಿಡ್ಲಘಟ್ಟದಲ್ಲಿ ಇಳಿಸಿದ ಮಿತಿಯನ್ನು ಮತ್ತೆ ಮೇಲಕ್ಕೆ ಏರಿಸಿಲ್ಲ ಎಂಬುದು ನಮ್ಮಿಬ್ಬರಿಗೂ ಮರೆತೇ ಹೋಯಿತು.

ನಾಲ್ಕೈದು ದಿನ ಕಳೆದು, ಒಂದು ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಶಿಡ್ಲಘಟ್ಟದಿಂದ ಸಂದೇಶ ಬಂತು. ಒಳಗೆ ಬರುವ ಗಾಳಿ ಇಪ್ಪತ್ತನಾಲ್ಕು ದಾಟಿದೆ. ಆಗ ಮಿತಿಯ ವಿಷಯ ನೆನಪಾಯಿತು. ಕೋಣೆ ಬೆಚ್ಚಗಾಗಿರುವುದಂತೂ ನಿಜ. ಚಿಕ್ಕಬಳ್ಳಾಪುರದಿಂದಲೇ ಆ ಯಂತ್ರದೊಳಗೆ ಹೋಗಿ ನೋಡಿದೆ. ಇಪ್ಪತ್ತೈದು. ಎ.ಸಿ. ಕೆಟ್ಟಿರಬೇಕು ಎಂದುಕೊಂಡು ಅಕ್ಕನಿಗೆ ಫೋನ್ ಮಾಡಿದೆ.

“ಎ.ಸಿ. ಓಡ್ತಾ ಐತೆ ಮೇಡಂ” ಎಂದರು. ಅದು ಸುಳ್ಳಲ್ಲ.

ಮಾರನೇ ದಿನ ಬೆಳಿಗ್ಗೆ ನೋಡಿದೆ, ಇಪ್ಪತ್ತೈದು. ಮಧ್ಯಾಹ್ನ ಇಪ್ಪತ್ತೈದು. ಸಂಜೆಯೂ ಅಷ್ಟೇ. ಕಂಪ್ಯೂಟರಿನಲ್ಲಿ ಅದರ ಗೆರೆ ಬರೆಸಿ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಎ.ಸಿ. ಕೆಟ್ಟಿದ್ರೆ ಇದು ಮೇಲಕ್ಕೆ ಹೋಗ್ತಾ ಇರ್ಬೇಕು. ಹಗಲು ಒಂದು ಥರ, ರಾತ್ರಿ ಒಂದು ಥರ ಇರ್ಬೇಕು. ಇದು ಸ್ಕೇಲ್ ಇಟ್ಟು ಎಳೆದಂಗಿದೆ. ಯಾರೋ ಹಿಡ್ಕೊಂಡಿದಾರೆ ಕಣಮ್ಮ.”

ಅಷ್ಟು ದೂರದ ಬೀಗ ಹಾಕಿದ ಕೋಣೆಯಲ್ಲಿ ಒಬ್ಬ ಮನುಷ್ಯನ ಕೈ ಇದೆ ಎಂದು ಒಂದು ಗೆರೆ ಹೇಳುತ್ತಿದೆಯಲ್ಲ ಎಂದು ನಾನು ಬೆರಗಾದೆ. ಹೆದರಿಕೆಯೂ ಆಯಿತು.

ಬುಧವಾರ ಬೆಳಿಗ್ಗೆ ಏಳಕ್ಕೇ ಹೊರಟೆವು. ಚಳಿ ಇತ್ತು. ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಟ್ಟಡ ತಲುಪಿದಾಗ ಎಂಟಕ್ಕೆ ಹದಿನೈದು ನಿಮಿಷ ಬಾಕಿ. ಅಕ್ಕನ ಚಪ್ಪಲಿ ಕೋಣೆಯ ಹೊರಗಿತ್ತು. ಅವರು ಸಾಮಾನ್ಯವಾಗಿ ಒಂಬತ್ತಕ್ಕೆ ಬರುವವರು. ಬಾಗಿಲು ತಳ್ಳಿದೆವು. ಒಳಗೆ ಕತ್ತಲು. ಯಂತ್ರದ ಚಿಕ್ಕ ಹಸಿರು ದೀಪಗಳು ಮಾತ್ರ ಮಿಣುಕುತ್ತಿದ್ದವು. ನಾನು ಟ್ಯೂಬ್‌ಲೈಟಿನ ಸ್ವಿಚ್ಚಿಗೆ ಕೈ ಹಾಕಿದೆ.

“ಬೇಡ ಮೇಡಂ, ಲೈಟ್ ಹಾಕ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನು ಸ್ವಲ್ಪ ಹೊತ್ತು!”

ಮೂಲೆಯಿಂದ ಬಂದ ಆ ದನಿ ಅಕ್ಕನದೇ. ಸರ್ ಫೋನಿನ ಬೆಳಕನ್ನು ನೆಲಕ್ಕೆ ಹಿಡಿದರು. ಯಂತ್ರದಿಂದ ದೂರದ ಮೂಲೆಯಲ್ಲಿ ಎರಡು ಸ್ಟೂಲು, ಅವುಗಳ ಮೇಲೆ ಒಂದು ಬಿದಿರಿನ ತಟ್ಟೆ, ತಟ್ಟೆಯಲ್ಲಿ ಕಪ್ಪು ಬಟ್ಟೆ ಸುತ್ತಿದ ಏನೋ ಒಂದು ಗಂಟು. ಪಕ್ಕದಲ್ಲಿ ಮಡಿಸಿ ಇಟ್ಟ ಒದ್ದೆ ಬಟ್ಟೆ. ಗೋಡೆಯ ಮೊಳೆಗೆ ಒಂದು ಥರ್ಮಾಮೀಟರ್ ತೂಗುತ್ತಿತ್ತು.

ಸರ್‌ಗೆ ಕಂಡದ್ದು ಒದ್ದೆ ಬಟ್ಟೆ. “ನೀರು! ಈ ಕೋಣೆಗೆ ನೀರು ತಂದಿದ್ದೀಯಾ ತಾಯಿ?” ಅವರು ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

“ಹಿಂಡಿ ಹಿಂಡಿ ಇಟ್ಟಿದೀನಿ ಸಾರ್, ಒಂದು ತೊಟ್ಟೂ ಬೀಳಲ್ಲ. ರೇಷ್ಮೆ ಮೊಟ್ಟೆ ಸಾರ್, ಒಣಗ್ಬಾರ್ದು ಅಂತ ಪಕ್ಕದಲ್ಲಿ ಇಟ್ಟೆ. ನಮ್ಮೂರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ಭಾನುವಾರದಿಂದ ಕರೆಂಟಿಲ್ಲ. ಈ ಚಳೀಲಿ ಹುಳು ಮನೆ ಹದಿನೈದಕ್ಕೆ ಇಳಿದೋಗೈತೆ. ಸೋಮವಾರ ಇಲ್ಲಿಗೆ ತಂದಾಗ ಇನ್ನೆರಡು ದಿನಕ್ಕೆ ಒಡೆಯೋ ಮೊಟ್ಟೆ. ಇಪ್ಪತ್ತೈದರಲ್ಲಿ ಇರ್ಬೇಕು ಸಾರ್ ಇವು, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ಇಲ್ಲಾಂದ್ರೆ ಅರ್ಧ ಇವತ್ತು ಒಡೀತವೆ, ಅರ್ಧ ನಾಳೆ ಒಡೀತವೆ, ಕೆಲವು ಒಡೆಯೋದೇ ಇಲ್ಲ. ನಂಗೆ ಬೇರೆ ಎಲ್ಲೂ ತೋಚ್ಲಿಲ್ಲ. ಕರೆಂಟ್ ಹೋದ್ರೂ ಹೋಗದೇ ಇರೋ ಜಾಗ ಅಂದ್ರೆ ಇದೊಂದೇ.”

“ಎ.ಸಿ. ಮುಟ್ಟಿದ್ದು ನೀನೇನಾ?”

“ಹೂಂ ಸಾರ್. ರಿಮೋಟಲ್ಲಿ ಒಂದೊಂದೇ ಏರಿಸ್ಕೊಂಡು ಥರ್ಮಾಮೀಟರ್ ನೋಡ್ಕೊಂಡು ನಿಲ್ಸಿದೆ. ಇದಕ್ಕೆ ಏನಾದ್ರೂ ತೊಂದ್ರೆ ಆಯ್ತಾ?” ಎಂದು ಯಂತ್ರದ ಕಡೆ ನೋಡಿದರು. ಆ ಪ್ರಶ್ನೆಯಲ್ಲಿ ನಿಜವಾದ ಕಾಳಜಿ ಇತ್ತು.

ಸರ್ ನನ್ನ ಮುಖ ನೋಡಿದರು. ನಾನು ಲ್ಯಾಪ್‌ಟಾಪ್ ಜೋಡಿಸಿ ಯಂತ್ರವನ್ನೇ ಕೇಳಿದೆ. ಕಾರ್ಡುಗಳೆಲ್ಲ ಸರಿಯಾಗಿದ್ದವು, ಫ್ಯಾನುಗಳು ಆರಾಮಾಗಿ ತಿರುಗುತ್ತಿದ್ದವು. ಇಪ್ಪತ್ತೈದು ಅದಕ್ಕೆ ಏನೇನೂ ಅಲ್ಲ. ನಾವು ಮಿತಿ ಇಳಿಸಿ ಮರೆಯದೇ ಇದ್ದಿದ್ದರೆ ಅದು ಈ ವಿಷಯ ಹೇಳುತ್ತಲೂ ಇರಲಿಲ್ಲ. ಒಳಗೆ ಬರುವ ಗಾಳಿಯ ಅಂಕಿ ಓದಿ, ಎದ್ದು ಹೋಗಿ ಮೊಳೆಯ ಮೇಲಿನ ಥರ್ಮಾಮೀಟರನ್ನು ಫೋನಿನ ಬೆಳಕಿನಲ್ಲಿ ನೋಡಿದೆ. ಎಲ್ಲೋ ದೂರದ ದೇಶದ ಕಾರ್ಖಾನೆಯಲ್ಲಿ ಕೂರಿಸಿದ ಸೆನ್ಸರೂ ದಿಬ್ಬೂರಹಳ್ಳಿಯ ಹುಳು ಮನೆಯಿಂದ ಬಂದ ಪಾದರಸವೂ ಒಂದೇ ಮಾತು ಹೇಳುತ್ತಿದ್ದವು.

“ತೊಂದ್ರೆ ಆಗಿಲ್ಲ ಅಕ್ಕ” ಎಂದೆ.

“ಹಂಗಾದ್ರೆ ಎಂಟು ಗಂಟೆವರ್ಗೂ ಬಿಡಿ. ಎಂಟಕ್ಕೆ ಬೆಳಕು ತೋರಿಸ್ಬೇಕು. ಎಷ್ಟು ಬೈಬೇಕೋ ಆಮೇಲೆ ಬೈಯಿರಿ.”

ಸರ್ ಒದ್ದೆ ಬಟ್ಟೆಯನ್ನು ತಾವೇ ಎತ್ತಿ, ಇನ್ನೊಂದು ಸಲ ಹೊರಗೆ ಹೋಗಿ ಹಿಂಡಿ, ತಂದು ಅಲ್ಲೇ ಇಟ್ಟರು. ನಾವು ಮೂವರೂ ಆ ಹಸಿರು ಕತ್ತಲಲ್ಲಿ ನೆಲದ ಮೇಲೆ ಕೂತೆವು. ಒಡೆಯುವ ಮುಂಚೆ ಎರಡು ದಿನ ಮೊಟ್ಟೆಗಳನ್ನು ಕತ್ತಲಲ್ಲಿ ಇಡಬೇಕಂತೆ. ಮುಂಚೆ ಬೆಳೆದವು ಹಿಂದೆ ಉಳಿದವುಗಳಿಗೆ ಕಾಯುತ್ತವಂತೆ. ಆಮೇಲೆ ಒಂದೇ ಸಲ ಬೆಳಕು ಬಿಟ್ಟರೆ ಎಲ್ಲವೂ ಒಟ್ಟಿಗೆ ಹೊರಗೆ ಬರುತ್ತವಂತೆ. ಅಕ್ಕ ಇದನ್ನೆಲ್ಲ ಪಿಸುಗುಡುತ್ತಾ ಹೇಳಿದರು. ನಾನು ಸುತ್ತಮುತ್ತ ಇಂಥ ಹಳ್ಳಿಗಳಿರುವ ಜಿಲ್ಲೆಯಲ್ಲೇ ಹುಟ್ಟಿದವಳು. ಸಂತೆಗೆ ಹೋಗುವ ಗೂಡಿನ ಮೂಟೆಗಳನ್ನು ಸಾವಿರ ಸಲ ನೋಡಿದ್ದೆ. ಅದರ ಮೊದಲ ಗಳಿಗೆಯ ವಿಷಯ ನನಗೆ ತಿಳಿದೇ ಇರಲಿಲ್ಲ.

ಎಂಟಾಯಿತು. ಅಕ್ಕ ಬಟ್ಟೆ ಬಿಚ್ಚಿ, ಮೊಟ್ಟೆಯ ಹಾಳೆಗಳನ್ನು ತಟ್ಟೆಯ ಮೇಲೆ ಹರಡಿ, “ಈಗ ಹಾಕಿ ಮೇಡಂ” ಎಂದರು. ಸ್ವಿಚ್ ಒತ್ತಿದೆ.

ಗಸಗಸೆಯನ್ನು ಹಾಳೆಗೆ ಅಂಟಿಸಿದಂತಿತ್ತು. ಒಂದೊಂದು ಕಾಳೂ ನೀಲಿ ಬೂದು ಬಣ್ಣ. ಮೊದಲು ಏನೂ ಆಗಲಿಲ್ಲ. ಕಾಲು ಗಂಟೆ ಕಳೆದಿರಬೇಕು, ಒಂದು ಕಾಳಿನ ಅಂಚಿನಲ್ಲಿ ಕಪ್ಪು ಚುಕ್ಕೆಯೊಂದು ಅಲುಗಿತು. ಹರಿದ ನೂಲಿನ ತುಂಡಿನಷ್ಟು ಒಂದು ಜೀವ ತಲೆ ಎತ್ತಿ, ಅತ್ತಿತ್ತ ಆಡಿಸಿ, ಮೈಯನ್ನು ಎಳೆದುಕೊಂಡು ಹೊರಗೆ ಬಂತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹಾಳೆಯೇ ಅಲುಗತೊಡಗಿತು. ನೂರಾರು, ಆಮೇಲೆ ಎಣಿಸಲಾಗದಷ್ಟು ಕಪ್ಪು ನೂಲುಗಳು ತಲೆ ಎತ್ತಿ ಏನನ್ನೋ ಹುಡುಕುತ್ತಿದ್ದವು. ಬಿಟ್ಟು ಬಂದ ಚಿಪ್ಪುಗಳು ಬೆಳ್ಳಗೆ ಉಳಿದವು. ಅಕ್ಕ ಬಾಗಿ ಅವುಗಳನ್ನು ಮೆಲ್ಲಗೆ ಬನ್ನಿ ಎಂದು ತೆಲುಗಿನಲ್ಲಿ ಕರೆಯುತ್ತಿದ್ದರು. “ರಾಂಡಮ್ಮ, ರಾಂಡಿ, ಮೆಲ್ಲಗಾ ರಾಂಡಿ.” ಹಿಂದೆ ಫ್ಯಾನುಗಳ ಒಂದೇ ಸಮನೆಯ ಮೊರೆತ. ನಾನು ಉಸಿರು ಹಿಡಿದಿದ್ದೆ, ಎಲ್ಲಿ ನನ್ನ ಉಸಿರಿಗೇ ಅವು ಹಾರಿಹೋಗುತ್ತವೋ ಎಂದು. ಪಕ್ಕಕ್ಕೆ ತಿರುಗಿದರೆ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಇಷ್ಟು ವರ್ಷ ಈ ಊರಿಗೆ ಬಂದು ಹೋಗಿದೀನಲ್ಲ ಕಣಮ್ಮ, ಒಂದಿನಾನೂ ನೋಡಿರ್ಲಿಲ್ಲ” ಎಂದರು.

ಅಕ್ಕ ಸ್ಟೀಲ್ ಡಬ್ಬಿಯಿಂದ ಎಳೆಯ ಸೊಪ್ಪನ್ನು ತೆಗೆದರು. ಮನೆಯಿಂದಲೇ ಕೂದಲೆಳೆಯ ಹಾಗೆ ಹೆಚ್ಚಿ ತಂದಿದ್ದರು. ಅದನ್ನು ಹಾಳೆಯ ಮೇಲೆ ಉದುರಿಸಿದ ಸ್ವಲ್ಪ ಹೊತ್ತಿಗೆ ಆ ಕಪ್ಪು ನೂಲುಗಳೆಲ್ಲ ಸೊಪ್ಪಿನ ಮೇಲೇರಿದವು. ಕೋಳಿಯ ಪುಕ್ಕದಲ್ಲಿ ಉಳಿದವುಗಳನ್ನೂ ಮೆಲ್ಲಗೆ ತಳ್ಳಿದರು. ಹೆಚ್ಚು ಕಡಿಮೆ ಎಲ್ಲವೂ ಒಡೆದಿದ್ದವು.

ಅವುಗಳನ್ನು ಮುಚ್ಚಿ ಹೊರಗಿನ ಪಡಸಾಲೆಗೆ ಸಾಗಿಸಿದ ಮೇಲೆ, ಎ.ಸಿ.ಯನ್ನು ಮೊದಲಿದ್ದ ಅಂಕಿಗೆ ಇಳಿಸಿ, ಅರ್ಧಕ್ಕೆ ಬಿಟ್ಟಿದ್ದ ಫ್ಯಾನಿನ ಪರೀಕ್ಷೆಗೆ ಕೂತೆವು. ಅಕ್ಕನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಫ್ಯಾನಿನ ತಟ್ಟೆ ಹೊರತೆಗೆದರೆ ಕೆಲವು ನಿಮಿಷದಲ್ಲಿ ಮತ್ತೆ ಕೂರಿಸಬೇಕು. ಇಲ್ಲದಿದ್ದರೆ ತನ್ನನ್ನು ಕಾಪಾಡಿಕೊಳ್ಳಲು ಯಂತ್ರ ತಾನೇ ಆರಿಹೋಗುತ್ತದೆ. ಸರ್ ಗಡಿಯಾರ ನೋಡಿ “ತೆಗಿ” ಎಂದರು. ಎರಡು ಸ್ಕ್ರೂ ಬಿಚ್ಚಿ ತಟ್ಟೆಯನ್ನು ಎಳೆದೆ. ಅದು ಕೈಗೆ ಬಂದದ್ದೇ ತಡ, ಉಳಿದ ತಟ್ಟೆಯ ಫ್ಯಾನುಗಳು ಒಮ್ಮೆಗೇ ಜೋರಾಗಿ ಮೊರೆಯತೊಡಗಿದವು. ಹೋದವರ ಪಾಲಿನ ಕೆಲಸವನ್ನೂ ಇದ್ದವರೇ ಮೈಮೇಲೆ ಹಾಕಿಕೊಂಡ ಹಾಗೆ. ನನ್ನ ಫೋನೂ ಸರ್ ಫೋನೂ ಒಟ್ಟಿಗೆ ಸದ್ದು ಮಾಡಿದವು. ನಾನು ಸಂದೇಶವನ್ನು ಅಕ್ಕನಿಗೆ ತೋರಿಸಿದೆ.

“ಇಲ್ಲಿ ತೆಗೆದ್ರೆ ಅಲ್ಲಿ ಚಿಕ್ಕಬಳ್ಳಾಪುರಕ್ಕೆ ಗೊತ್ತಾಗುತ್ತಾ?”

“ಅಲ್ಲಿಗೆ ಹೋಗಿ, ಅಲ್ಲಿಂದ ನನ್ನ ಫೋನಿಗೆ ಬಂತು ಅಕ್ಕ.”

“ಈಗ ತೆಗೆದಿದ್ದಕ್ಕಾ? ಅಷ್ಟರಲ್ಲೇನಾ?” ಅವರು ಫೋನನ್ನೂ ಯಂತ್ರವನ್ನೂ ನೋಡಿದರು. ಮೆಲ್ಲಗೆ ಕೇಳಿದರು. “ಸೋಮವಾರ ನಾನು ಮಾಡಿದ್ದೂ ಇದೇ ಹೇಳ್ತಾ?”

“ಹೂಂ ಅಕ್ಕ.”

ಅವರಿಗೆ ಕೋಪ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, “ಅಬ್ಬಾ! ಬಾಯಿಲ್ಲ, ಮೂಗಿಲ್ಲ, ಎಷ್ಟು ಚೆನ್ನಾಗಿ ಹೇಳೈತೆ ನೋಡಿ” ಎಂದರು. ಮುಂಜಾನೆ ಅವರ ಹಾಳೆಯ ಮುಂದೆ ನನ್ನ ಮುಖ ಹೇಗಿತ್ತೋ ಈಗ ಅವರ ಮುಖ ಹಾಗೇ ಇತ್ತು. ತಟ್ಟೆಯನ್ನು ಕೂರಿಸಿದೆ. ಮೊರೆತ ಇಳಿಯಿತು. ಈ ಸಲ ಮಿತಿಯನ್ನು ಮರೆಯದೆ ಮೇಲಕ್ಕೆ ಏರಿಸಿದೆ. ಏರಿಸುವಾಗ ಯಾಕೋ ಸ್ವಲ್ಪ ಬೇಜಾರೂ ಆಯಿತು.

ಹುಳುಗಳ ತಟ್ಟೆಯನ್ನು ಬಸ್ಸಿನಲ್ಲಿ ಒಯ್ಯುವುದು ಬೇಡ ಎಂದು ಸರ್ ತಾವೇ ಕಾರು ತೆಗೆದರು. ದಿಬ್ಬೂರಹಳ್ಳಿಯವರೆಗೂ ಮದುವಣಗಿತ್ತಿಯನ್ನು ಕೂರಿಸಿಕೊಂಡವರ ಹಾಗೆ ನಿಧಾನಕ್ಕೆ ಓಡಿಸಿದರು. ಹಿಂದಿನ ಸೀಟಿನಲ್ಲಿ ಅಕ್ಕ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ನಾವು ಊರು ಸೇರುವ ಹೊತ್ತಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದು ಕಂಬದ ಬುಡದಲ್ಲಿ ಜನ ಸೇರಿದ್ದರು. ಅವರ ಮನೆಯಲ್ಲಿ ಕಾಫಿ ಕುಡಿಯುವಾಗ ಬಲ್ಬು ಹತ್ತಿತು.

ಮಧ್ಯಾಹ್ನ ಕಚೇರಿಗೆ ಬಂದು ವರದಿ ಬರೆಯಲು ಕೂತೆ. ಕಾರಣ ಎಂಬ ಖಾನೆಯ ಮುಂದೆ ಬಹಳ ಹೊತ್ತು ಕೈ ಓಡಲಿಲ್ಲ. ಸುಳ್ಳು ಬರೆಯುವುದಕ್ಕೂ ಮನಸ್ಸಿಲ್ಲ, ಅಕ್ಕನ ಕೆಲಸಕ್ಕೆ ಕಲ್ಲು ಹಾಕುವುದಕ್ಕೂ ಮನಸ್ಸಿಲ್ಲ. ಕೊನೆಗೆ ವರದಿಯನ್ನು ಅಲ್ಲೇ ಬಿಟ್ಟು ನೇರವಾಗಿ ನಮ್ಮ ಮೇಲಧಿಕಾರಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಿತಿ ಏರಿಸಲು ಮರೆತದ್ದು ನನ್ನ ತಪ್ಪು ಎಂಬುದನ್ನೂ ಸೇರಿಸಿ. ಅವರು ಸಿಟ್ಟಾದರು. ಒದ್ದೆ ಬಟ್ಟೆಯ ವಿಷಯ ಬಂದಾಗ ಕುರ್ಚಿಯಿಂದ ಎದ್ದೇ ಬಿಟ್ಟರು. ರಿಮೋಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಇನ್ನೊಂದು ಸಲ ಹೀಗಾದರೆ ಆಕೆಯನ್ನು ಕೆಲಸದಿಂದ ತೆಗೆಯಬೇಕು ಎಂದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸರ್ ಒಳಗೆ ಬಂದರು.

“ಒಂದು ಮಾತು. ಆಯಮ್ಮ ಎರಡು ದಿನ ಆ ಕೋಣೇನ ಒಂದು ಡಿಗ್ರೀನೂ ಆಚೆ ಈಚೆ ಹೋಗದಂಗೆ ಕಾಯ್ದಿದಾಳೆ. ನಮ್ಮ ಎ.ಸಿ.ನೇ ಅಷ್ಟು ಚೆನ್ನಾಗಿ ಕಾಯಲ್ಲ. ಶಿಡ್ಲಘಟ್ಟದ ಮೆಸೇಜು ಆಯಮ್ಮನ ಫೋನಿಗೂ ಬರೋ ಹಾಗೆ ಮಾಡಣ. ನಾವು ಇಲ್ಲಿಂದ ಹೋಗೋ ಹೊತ್ತಿಗೆ ಅವಳು ನೋಡಿ ಹೇಳಿರ್ತಾಳೆ.”

ಮೇಲಧಿಕಾರಿ ನೋಡೋಣ ಎಂದರು. ವಾರ ಕಳೆದ ಮೇಲೆ ಒಪ್ಪಿಗೆ ಬಂತು. ರಿಮೋಟಿನ ಬೀಗವೂ ಅದರ ಜೊತೆಯಲ್ಲೇ ಬಂತು.

ಆದರೆ ಯಂತ್ರ ಮಾತಾಡುವುದು ಇಂಗ್ಲಿಷಿನಲ್ಲಿ. ಅಕ್ಕ ಓದುವುದು ಕನ್ನಡ. ಹಾಗಾಗಿ ಒಂದೊಂದು ಸಂದೇಶಕ್ಕೂ ಕನ್ನಡದ ಸಾಲು ಬರೆದು ಕಂಪ್ಯೂಟರಿಗೆ ಕೊಡುವ ಕೆಲಸ ನನಗೆ ಬಿತ್ತು. ‘ಪಂಖ ಘಟಕ ವಿಫಲಗೊಂಡಿದೆ’ ಎಂದು ಬರೆದು ಅವರಿಗೆ ಓದಿ ಹೇಳಿದೆ.

“ಇದು ಯಾರ ಮನೆ ಮಾತು ಮೇಡಂ? ಫ್ಯಾನ್ ನಿಂತೈತೆ ಅನ್ನಿ, ಆಯ್ತು.”

‘ಫ್ಯಾನ್ ನಿಂತಿದೆ’ ಎಂದು ಬರೆದೆ. ‘ಒಂದು ಕರೆಂಟ್ ಲೈನ್ ಬರುತ್ತಿಲ್ಲ. ಇನ್ನೊಂದರಲ್ಲಿ ಓಡುತ್ತಿದೆ.’ ‘ಕೋಣೆ ಬಿಸಿಯಾಗುತ್ತಿದೆ.’ ಹೀಗೆ ಒಂದಿಡೀ ಮಧ್ಯಾಹ್ನ ಇಬ್ಬರೂ ಕೂತು ಆ ಯಂತ್ರಕ್ಕೆ ಮಾತು ಹುಡುಕಿದೆವು. ಪ್ರತಿಯೊಂದನ್ನೂ ನಿಜವಾಗಿ ಮಾಡಿ, ಅವರ ಫೋನಿಗೆ ಬಂತೇ ಎಂದು ನೋಡಿದೆವು. ಕೇಬಲ್ಲನ್ನು ಅಕ್ಕನೇ ಎಳೆದರು.

ಆ ಸಲದ ಹುಳುಗಳು ನಾಲ್ಕು ಸಲ ಪೊರೆ ಬಿಟ್ಟವು. ಪೊರೆ ಬಿಡುವ ಮುನ್ನ ಮೇವು ತಿನ್ನದೆ ಸುಮ್ಮನಾಗುವುದಕ್ಕೆ ಅವರು ‘ಜ್ವರಕ್ಕೆ ಕೂತಿವೆ’ ಎನ್ನುತ್ತಿದ್ದರು. ಫೋನಿನಲ್ಲಿ ಆ ಸುದ್ದಿ ಕೊಡುತ್ತಲೇ ಇದ್ದರು. ಗೂಡು ಚೆನ್ನಾಗಿ ಬಂತು. ಒಂದು ಹಿಡಿ ಗೂಡು ತಂದು ಕಚೇರಿಯಲ್ಲಿ ನಮ್ಮಿಬ್ಬರ ಮೇಜಿನ ಮೇಲಿಟ್ಟು ಹೋದರು.

ಶಿವರಾತ್ರಿಗೆ ಸ್ವಲ್ಪ ಮುಂಚೆ, ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ ಬಸ್ಸಿನಲ್ಲಿದ್ದೆ. ಗದ್ದಲದಲ್ಲಿ ಫೋನಿನ ಸಂದೇಶ ನನಗೆ ಕೇಳಿಸಿರಲಿಲ್ಲ. ಅಕ್ಕನ ಕರೆ ಬಂತು.

“ಮೇಡಂ, ಫ್ಯಾನ್ ನಿಂತೈತೆ ಅಂತ ಬಂತು. ನಾನು ಒಳಗೆ ಹೋಗಿ ನೋಡ್ದೆ. ಬಲಗಡೆ ತಟ್ಟೇಲಿ ಮೇಲಿಂದ ಎರಡನೇದು ತಿರುಗ್ತಿಲ್ಲ. ಕೆಂಪು ಲೈಟ್ ಐತೆ. ಮಿಕ್ಕಿದ್ದೆಲ್ಲ ಜೋರಾಗಿ ಓಡ್ತಾ ಅವೆ. ಏನೂ ಮುಟ್ಟಿಲ್ಲ. ನೀವು ನಿಧಾನವಾಗೇ ಬನ್ನಿ.”

ಇದು ಪರೀಕ್ಷೆಯಲ್ಲ. ಯಾರೂ ಏನೂ ಎಳೆದಿರಲಿಲ್ಲ. ಕಚೇರಿಗೆ ಹೋಗಿ ಹೊಸ ತಟ್ಟೆ ಎತ್ತಿಕೊಂಡು ಸರ್ ಜೊತೆ ಶಿಡ್ಲಘಟ್ಟ ಸೇರಿದಾಗ ಅಕ್ಕ ಬಾಗಿಲು ತೆಗೆದು ಕಾಯುತ್ತಿದ್ದರು. ಅವರು ಹೇಳಿದ ಫ್ಯಾನೇ ನಿಂತಿತ್ತು. ಹಳೆಯದನ್ನು ತೆಗೆದು ಹೊಸದನ್ನು ತಳ್ಳಿದೆ. ಅದು ಒಳಗೆ ಕೂತ ಟಕ್ ಎಂಬ ಸದ್ದು ಬಂತು. ಅಕ್ಕ ಫೋನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು. “ಫ್ಯಾನ್ ಸರಿಯಾಗಿದೆ.”

ಹೊರಗೆ ಬಂದಾಗ ಎದುರಿನ ಆಸ್ಪತ್ರೆಯಲ್ಲಿ ಜನ ಚೀಟಿ ಬರೆಸಲು ಸಾಲು ನಿಂತಿದ್ದರು. ಕಂಪ್ಯೂಟರಿನ ಮುಂದೆ ಕೂತವರು ಒಬ್ಬೊಬ್ಬರ ಹೆಸರನ್ನೇ ಕೂಗುತ್ತಿದ್ದರು. ಸಾಲು ಒಂದು ಗಳಿಗೆಯೂ ನಿಂತಿರಲಿಲ್ಲ. ಏನೋ ಆಗಿತ್ತು, ಆಗಿ ಸರಿಯೂ ಆಯಿತು ಎಂದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಸರ್ ರಸ್ತೆಯಾಚೆಯ ಅಂಗಡಿಯಲ್ಲಿ ಮೂರು ಟೀ ಹೇಳಿದರು. ನಾವು ಮೂವರೂ ಬಿಸಿಲಲ್ಲಿ ನಿಂತು, ಆ ಸಾಲು ಮುಂದೆ ಸಾಗುವುದನ್ನು ನೋಡುತ್ತಾ ಟೀ ಕುಡಿದೆವು.